ಮನೆಯೊಂದು, ಪಾಲೆರಡು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹೇಳಿದ ಹಿರಿಯರು, ಮದುವೆ ಮುರಿದಾಗ ಕಟ್ಟಿದ ಮನೆಯನ್ನು ಏನು ಮಾಡಬೇಕೆಂಬುದನ್ನು ಹೇಳದೆಯೇ ಹೋದರು. ಅವರ ಕಾಲಕ್ಕೆ ಆ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಮನೆ ಮಾವನದು. ಸೊಸೆ ಬಂದಳು, ಇದ್ದಳು. ಹೊಂದಿಕೆಯಾಗದಿದ್ದರೆ ತಂದ ಪೆಟ್ಟಿಗೆಯೊಡನೆ ತವರಿಗೆ ಹಿಂದಿರುಗಿದಳು. ಮಂಡ್ಯದ ಸೀಮೆಯ ಹಲವು ಸಮುದಾಯಗಳಲ್ಲಿ ಊರ ಹಿರಿಯರ ಮುಂದೆ ಬಿಡುಗಡೆ ಮಾಡಿಕೊಳ್ಳುವ ರೂಢಿಯೂ, ಬಿಟ್ಟವಳು ಮತ್ತೆ ಕೂಡಿಕೆಯಾಗುವ ರೂಢಿಯೂ ಹಿಂದಿನಿಂದ ಇದ್ದುವು. 1955ರ ಹಿಂದೂ ವಿವಾಹ ಕಾಯಿದೆಯು ಸಹ ತನ್ನ 29ನೆಯ ವಿಧಿಯಲ್ಲಿ ಇಂತಹ ರೂಢಿಗತ ಬಿಡುಗಡೆಯನ್ನು ಉಳಿಸಿಕೊಂಡಿತು. ಆದರೆ ಜಗಲಿಯ ಮೇಲಿನ ಆ ಪಂಚಾಯಿತಿಗಳಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಒಡವೆ, ಪಾತ್ರೆ, ಮದುವೆಯ ಖರ್ಚು. ಮನೆಯ ಮಾತು ಬರುತ್ತಿದ್ದುದು ಅಪೂರ್ವ.

ಈಗ ಬರುತ್ತದೆ. ಏಕೆಂದರೆ ಈಗಿನ ಮನೆ ಮಾವನದಲ್ಲ, ಬ್ಯಾಂಕಿನ ಸಾಲದ್ದು. ಆ ಸಾಲ ತೀರಿಸಲು ಹೆಣಗಿದವರು ಇಬ್ಬರು.

ಉದಾಹರಣೆಗಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಹೆಣ್ಣು ಪಾಂಡವಪುರ ತಾಲ್ಲೂಕಿನ ತೊಣ್ಣೂರಿನವಳು. ರಾಮಾನುಜಾಚಾರ್ಯರ ಹೆಸರಿನೊಡನೆ ಬೆಸೆದುಕೊಂಡ ಊರು. ನಂಬಿನಾರಾಯಣನ ಗುಡಿ, ಬೆಟ್ಟಗಳ ನಡುವೆ ತಿಳಿನೀರಿನ ದೊಡ್ಡ ಕೆರೆ, ಕೆರೆಯ ಕೆಳಗೆ ಗದ್ದೆ. ಗಂಡು ಮೈಸೂರಿನಲ್ಲಿ ನೌಕರಿಯಲ್ಲಿರುವವನು. ಮದುವೆಯಾದ ಕೆಲವು ವರ್ಷಕ್ಕೆ ಇಬ್ಬರೂ ಸೇರಿ ಮೈಸೂರಿನಲ್ಲಿ 40 ಲಕ್ಷ ರೂಪಾಯಿಯ ಮನೆ ಮಾಡಿದರು. ಅದರಲ್ಲಿ 28 ಲಕ್ಷ ಬ್ಯಾಂಕಿನ ಸಾಲ, 20 ವರ್ಷದ ಕಂತು, ನೂರಕ್ಕೆ 9ರ ಬಡ್ಡಿ. ಉಳಿದ 12 ಲಕ್ಷದಲ್ಲಿ ಗಂಡನ ಉಳಿತಾಯ 4 ಲಕ್ಷ. ಹೆಂಡತಿಯ ಒಡವೆ ಮಾರಿದ್ದು 5 ಲಕ್ಷ. ಆಕೆಯ ತಂದೆ ಕೆರೆಯ ಕೆಳಗಿನ ತುಂಡು ಗದ್ದೆ ಮಾರಿ ಮಗಳ ಕೈಗೆ ಕೊಟ್ಟದ್ದು 3 ಲಕ್ಷ. ಕ್ರಯಪತ್ರ ಮಾತ್ರ ಗಂಡನೊಬ್ಬನ ಹೆಸರಿಗೆ ಆಯಿತು. ಆ ದಿನ ಯಾರಿಗೂ ಅದು ಅನುಚಿತವೆಂದು ತೋರಲಿಲ್ಲ. ಹತ್ತು ವರ್ಷ ಕಳೆದು, ಇಬ್ಬರು ಮಕ್ಕಳಾಗಿ, ಸಂಸಾರ ಒಡೆಯಿತು. ಕಾರಣ ಇಲ್ಲಿ ಅಪ್ರಸ್ತುತ.

ಈಗ ಆ ಮನೆಗೆ 75 ಲಕ್ಷ ಬೆಲೆ ಬರುತ್ತದೆ ಎನ್ನೋಣ. ಹಾಗೆಂದು ಹಂಚಬೇಕಾದದ್ದು 75 ಲಕ್ಷವಲ್ಲ. ಬ್ಯಾಂಕಿಗೆ ಸಲ್ಲಬೇಕಾದದ್ದನ್ನು ಮೊದಲು ಕಳೆಯಬೇಕು. ಹತ್ತು ವರ್ಷ ಕಂತು ಕಟ್ಟಿದ ಮೇಲೆ ಸಾಲ ಅರ್ಧಕ್ಕೆ ಇಳಿದಿರಬೇಕೆಂದು ಅನೇಕರು ತಿಳಿದಿರುತ್ತಾರೆ. ಬ್ಯಾಂಕಿನ ಲೆಕ್ಕ ಅಷ್ಟು ದಯಾಳುವಲ್ಲ. ತಿಂಗಳಿಗೆ ಸುಮಾರು 25,000ದಂತೆ ಹತ್ತು ವರ್ಷದಲ್ಲಿ 30 ಲಕ್ಷ ಕಟ್ಟಿದ್ದರೂ ಅಸಲಿನಲ್ಲಿ ಇಳಿದಿರುವುದು 8 ಲಕ್ಷ ಮಾತ್ರ. ಮೊದಲ ವರ್ಷಗಳ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತದೆ. ಇನ್ನೂ 20 ಲಕ್ಷ ಬಾಕಿ. ಬೆಲೆಯಲ್ಲಿ ಬಾಕಿಯನ್ನು ಕಳೆದರೆ 55 ಲಕ್ಷ. ಗಂಡಹೆಂಡಿರು ನಿಜವಾಗಿ ಹಂಚಿಕೊಳ್ಳಬೇಕಾದದ್ದು ಈ 55 ಲಕ್ಷವನ್ನು.

ಇದರಲ್ಲಿ ಹೆಂಡತಿಯದೆಷ್ಟು? ಕ್ರಯಪತ್ರವನ್ನು ಮಾತ್ರ ನೋಡುವವನು "ಏನೂ ಇಲ್ಲ" ಎನ್ನುತ್ತಾನೆ. ಸಾಲ ಕೊಟ್ಟವಳಂತೆ ಆಕೆಯನ್ನು ಕಾಣುವವನು "ಕೊಟ್ಟ 8 ಲಕ್ಷ ತೆಗೆದುಕೊಂಡು ಹೋಗಲಿ" ಎನ್ನುತ್ತಾನೆ. ಕೂಡುವ್ಯಾಪಾರದ ಲೆಕ್ಕ ಹಿಡಿಯುವವನು, 40 ಲಕ್ಷಕ್ಕೆ 8 ಲಕ್ಷ ಎಂದರೆ ಐದನೆಯ ಒಂದು ಪಾಲು, ಆದುದರಿಂದ 75ರಲ್ಲಿ 15 ಲಕ್ಷ ಎನ್ನುತ್ತಾನೆ. ಹತ್ತು ವರ್ಷ ಬೆಳಗಿನ ಐದು ಗಂಟೆಗೆ ಎದ್ದು ಒಲೆ ಹಚ್ಚಿದವಳ ದುಡಿಮೆಯನ್ನೂ ಸೇರಿಸುವವನು ಸಮಭಾಗವೆಂದು 27½ ಲಕ್ಷ ಎನ್ನುತ್ತಾನೆ. ಸೊನ್ನೆ, 8, 15, 27½. ಒಂದೇ ಮನೆ, ಒಂದೇ ಹೆಣ್ಣು, ನಾಲ್ಕು ಉತ್ತರ. ಮಕ್ಕಳ ಶಾಲೆಯೂ ಬಾಡಿಗೆ ಮನೆಯೂ ಆಕೆಯ ಮುಂದಿನ ಇಪ್ಪತ್ತು ವರ್ಷವೂ ಈ ನಾಲ್ಕರಲ್ಲಿ ಯಾವುದು ನಿಲ್ಲುತ್ತದೆಂಬುದನ್ನೇ ಅವಲಂಬಿಸಿವೆ.

ಕಾಯಿದೆ ಯಾವ ಉತ್ತರವನ್ನು ಕೊಡುತ್ತದೆ? ನಿರಾಶೆಯ ಮಾತಾದರೂ ಹೇಳಲೇಬೇಕು: ಮದುವೆಯ ಕಾಲದಲ್ಲಿ ಗಳಿಸಿದ ಮನೆ ವಿಚ್ಛೇದನದಲ್ಲಿ ಅರ್ಧರ್ಧವಾಗಬೇಕೆಂಬ ನಿಯಮ ಹಿಂದೂ ವಿವಾಹ ಕಾಯಿದೆಯಲ್ಲಿ ಇಲ್ಲ. ಅದರ 27ನೆಯ ವಿಧಿ, ಮದುವೆಯ ಸಮಯದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ಸ್ವತ್ತನ್ನು ಮಾತ್ರ ನ್ಯಾಯಾಲಯ ವಿಲೇವಾರಿ ಮಾಡಬಹುದೆನ್ನುತ್ತದೆ. ಬೆಳ್ಳಿಯ ದೀಪ, ಮಂಚ, ಬೀರು ಇವಕ್ಕೆ ಸಾಕಾಗುವ ವಿಧಿ. ಸುಪ್ರೀಂ ಕೋರ್ಟು 1997ರಲ್ಲಿ ಇದನ್ನು ತುಸು ಹಿಗ್ಗಿಸಿ, ಮದುವೆಗೆ ಮುಂಚೆಯೋ ಆಮೇಲೆಯೋ ಬಂದ ಸ್ವತ್ತಾದರೂ ಮದುವೆಗೆ ಸಂಬಂಧಪಟ್ಟದ್ದಾದರೆ ಸಾಕೆಂದಿತು. ಹಾಗಿದ್ದರೂ ಸಾಲ ಮಾಡಿ ಕಟ್ಟಿದ ಮನೆ ಅದರೊಳಗೆ ಸುಲಭವಾಗಿ ಹಿಡಿಸುವುದಿಲ್ಲ.

ಹೆಚ್ಚು ಉಪಯೋಗಕ್ಕೆ ಬರುವುದು 25ನೆಯ ವಿಧಿ. ಇದು ಶಾಶ್ವತ ಜೀವನಾಂಶದ ವಿಧಿ. ನ್ಯಾಯಾಧೀಶರು ಇಬ್ಬರ ಆದಾಯ, ಆಸ್ತಿ, ನಡತೆಗಳನ್ನು ನೋಡಿ ತಿಂಗಳಿಗಿಷ್ಟೆಂದೋ ಒಮ್ಮೆಗೇ ಇಷ್ಟೆಂದೋ ಗೊತ್ತುಮಾಡಬಹುದು. ಬೇಕಾದರೆ ಆ ಮೊತ್ತಕ್ಕೆ ಗಂಡನ ಸ್ಥಿರಾಸ್ತಿಯನ್ನೇ ಹೊಣೆಯಾಗಿ ಕಟ್ಟಬಹುದು. ಮೇಲಿನ ಸಂಸಾರದಲ್ಲಿ ಹೆಂಡತಿಯ ವಕೀಲರು ಮನೆಯ ಮೇಲಿನ ಹಕ್ಕನ್ನು ಕೇಳುವುದರ ಜೊತೆಗೆ ಈ ಬಾಗಿಲನ್ನೂ ತಟ್ಟುತ್ತಾರೆ. ಆದರೆ ಗಮನಿಸಬೇಕಾದ ಅಂತರವೊಂದುಂಟು. ಪಾಲು ಎಂಬುದು ಹಕ್ಕು. ಜೀವನಾಂಶ ಎಂಬುದು ನ್ಯಾಯಾಧೀಶರ ವಿವೇಚನೆ. ಪಾಲು ಪಡೆದವಳು ಮರುಮದುವೆಯಾದರೆ ಪಾಲು ಎಲ್ಲಿಗೂ ಹೋಗದು. ಜೀವನಾಂಶವನ್ನಾದರೋ ಗಂಡ ರದ್ದುಮಾಡಿಸಬಹುದು.

ಒಡವೆಯ ವಿಷಯದಲ್ಲಿ ಕಾಯಿದೆ ಇದಕ್ಕಿಂತ ಗಟ್ಟಿಯಾಗಿದೆ. ಸ್ತ್ರೀಧನ ಆಕೆಯದೇ, ಗಂಡ ಅದಕ್ಕೆ ಕಾವಲುಗಾರ ಮಾತ್ರ ಎಂದು 1985ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿತ್ತು. 2024ರ ಏಪ್ರಿಲಿನಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ, ಹೆಂಡತಿಯ 89 ಪವನು ಚಿನ್ನ ಗಂಡನ ಮನೆಯ ಸಾಲಕ್ಕೆ ಕರಗಿಹೋದುದಕ್ಕೆ ಬದಲಾಗಿ 25 ಲಕ್ಷ ರೂಪಾಯಿ ಕೊಡಬೇಕೆಂದು ತೀರ್ಪಾಯಿತು. ಸ್ತ್ರೀಧನ ದಂಪತಿಗಳ ಜಂಟಿ ಸ್ವತ್ತಲ್ಲವೆಂದು ಮತ್ತೊಮ್ಮೆ ಸ್ಪಷ್ಟವಾಯಿತು. ಒಡವೆ ಮಾರಿ ಇಟ್ಟಿಗೆ ಕೊಂಡವಳಿಗೆ ಈ ತೀರ್ಪು ದೊಡ್ಡ ಆಸರೆ. ರಶೀದಿ ಇದ್ದರೆ!

ಅಷ್ಟಕ್ಕೂ ಹೆಣ್ಣಿನ ಸ್ವತ್ತೆಂಬುದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. ತೊಣ್ಣೂರಿನಿಂದ ಹೆಚ್ಚು ದೂರವಿಲ್ಲದ ಶ್ರವಣಬೆಳಗೊಳದಲ್ಲಿ ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಬಸದಿ ಕಟ್ಟಿಸಿ ಅದಕ್ಕೊಂದು ಊರನ್ನೇ ದತ್ತಿ ಬಿಟ್ಟಳು. ರಾಣಿಯ ಮಾತು ಬೇರೆ ಎನ್ನುವವರಿಗೆ ಕಲ್ಯಾಣದ ವಿಜ್ಞಾನೇಶ್ವರನನ್ನು ತೋರಿಸಬಹುದು. ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರವನ್ನು ಬರೆದ ಈ ಕನ್ನಡ ನಾಡಿನ ಪಂಡಿತ, ಹೆಂಗಸು ಉಡುಗೊರೆಯಿಂದ ಪಡೆದದ್ದಷ್ಟೇ ಅಲ್ಲ, ಉತ್ತರಾಧಿಕಾರದಿಂದ, ಕ್ರಯದಿಂದ, ಪಾಲಿನಿಂದ ಪಡೆದದ್ದೂ ಸ್ತ್ರೀಧನವೇ ಎಂದು ವಿಶಾಲವಾಗಿ ಅರ್ಥ ಹೇಳಿದ. ಆ ಅರ್ಥವನ್ನು ಮೊಟಕುಮಾಡಿದವರು ಲಂಡನ್ನಿನ ಪ್ರಿವಿ ಕೌನ್ಸಿಲಿನ ನ್ಯಾಯಾಧೀಶರು. ಹಿಂದೂ ಧರ್ಮಶಾಸ್ತ್ರವನ್ನು ಹಿಂದೂ ಪಂಡಿತನಿಗಿಂತ ಕಟ್ಟುನಿಟ್ಟಾಗಿ ಓದಿದವರು ಆಂಗ್ಲರು ಎಂಬುದು ಒಂದು ವಿನೋದವೇ ಸರಿ.

ಹಳೆಯ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ನೆರೆಯವರಿಗಿಂತ ಒಂದು ಹೆಜ್ಜೆ ಮುಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಜಾರಿಗೆ ಬಂತು. ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳು ಇವರಿಗೂ ಅಂಶವುಂಟೆಂದು ಅದು ಸಾರಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಹಕ್ಕು ಕೊಡುವ ಕಾಯಿದೆ ಬಂದದ್ದು ಇನ್ನೂ ನಾಲ್ಕು ವರ್ಷ ತಡೆದು, 1937ರಲ್ಲಿ. ಆದರೂ ಮೈಸೂರಿನ ಆ ಕಾಯಿದೆ ಕಣ್ಣಿಟ್ಟಿದ್ದುದು ವಿಧವೆಯ ಮೇಲೆ, ತಾಯಿಯ ಮೇಲೆ. ಗಂಡನನ್ನು ಬಿಟ್ಟು ಹೊರಡುವ ಹೆಂಡತಿಯ ಮೇಲಲ್ಲ. ವಿಚ್ಛೇದನದ ಕಾಯಿದೆ ಧಾರವಾಡ, ಬೆಳಗಾವಿಗಳಿಗೆ ಮುಂಬಯಿ ಪ್ರಾಂತದ ಮೂಲಕ 1947ರಲ್ಲಿ ಬಂತು, ಮಂಗಳೂರಿಗೆ ಮದರಾಸಿನ ಮೂಲಕ 1949ರಲ್ಲಿ. 1955ರ ಕಾಯಿದೆ ದೇಶಕ್ಕೆಲ್ಲ ಒಂದಾಯಿತು. ಮರುವರ್ಷ ಬಂದ ಉತ್ತರಾಧಿಕಾರ ಕಾಯಿದೆಯ 14ನೆಯ ವಿಧಿ, ಹೆಂಗಸಿನ ಸ್ವಾಧೀನದಲ್ಲಿರುವ ಆಸ್ತಿಗೆ ಆಕೆಯೇ ಪೂರ್ಣ ಒಡತಿಯೆಂದಿತು. ಜೀವನಾಂಶಕ್ಕೆ ಬದಲಾಗಿ ಕೊಟ್ಟ ಜಮೀನೋ ಮನೆಯೋ, "ಜೀವವಿರುವ ತನಕ ಮಾತ್ರ" ಎಂದು ಪತ್ರದಲ್ಲಿ ಬರೆದಿದ್ದರೂ ಆಕೆಗೆ ಪೂರ್ಣವಾಗಿ ಸಲ್ಲುತ್ತದೆಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಇಂದಿಗೂ ಹಳ್ಳಿಯ ರಾಜೀಪತ್ರಗಳಲ್ಲಿ ಆ "ಜೀವವಿರುವ ತನಕ" ಎಂಬ ಸಾಲನ್ನು ತುರುಕುವವರುಂಟು. ಆಕೆಗೆ ಮೊದಲೇ ಜೀವನಾಂಶದ ಹಕ್ಕಿದ್ದು ಅದಕ್ಕಾಗಿಯೇ ಆಸ್ತಿ ಕೊಟ್ಟದ್ದಾದರೆ ಆ ಸಾಲಿಗೆ ಬೆಲೆಯಿಲ್ಲ.

ಮತ್ತೆ ತೊಣ್ಣೂರಿಗೆ ಬರಬಹುದು. ಮೈಸೂರಿನ ಮನೆಗಿಂತ ತೊಡಕಾದದ್ದು ಊರೊಳಗಿನ ಮನೆ. ಮಗನ ಸಂಬಳ, ಸೊಸೆಯ ಒಡವೆ, ಎರಡೂ ಸೇರಿ ತಾರಸಿ ಮನೆ ಎದ್ದಿರುತ್ತದೆ. ನೆಲ ಮಾತ್ರ ಮಾವನ ಹೆಸರಿನ ಗ್ರಾಮಠಾಣೆಯದು. ಬಿಡುಗಡೆಯ ಮಾತು ಬಂದಾಗ ಊರಿನವರು ಹೇಳುವುದು ಒಂದೇ: "ಖಾತೆ ನಿಮ್ಮ ಮಾವನ ಹೆಸರಲ್ಲಯ್ತೆ ಕಣವ್ವ, ನಿಂಗೇನ್ ಬತ್ತದೆ?" ಈ ಮಾತಿನಲ್ಲಿ ಅರ್ಧ ನಿಜ, ಅರ್ಧ ಅಜ್ಞಾನ. ಖಾತೆಯೆಂಬುದು ಕಂದಾಯ ಯಾರಿಂದ ವಸೂಲು ಮಾಡಬೇಕೆಂಬ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ನಿಜವಾದ ಅರ್ಧ ಯಾವುದೆಂದರೆ, ಗಂಡ ಬದುಕಿರುವಾಗ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನಗೆ ಪಾಲು ಕೊಡೆಂದು ಹೆಂಡತಿ ದಾವಾ ಹೂಡಲಾರಳು. ಅದೇ ಹೆಣ್ಣು ತನ್ನ ತವರಿನಲ್ಲಿ, ತಂದೆಯ ಪಿತ್ರಾರ್ಜಿತದಲ್ಲಿ, ಅಣ್ಣತಮ್ಮಂದಿರ ಸಮಕ್ಕೆ ಪಾಲುದಾರಳು. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕೊಟ್ಟ ಈ ಹಕ್ಕು 2005ರಿಂದ ದೇಶದ ಎಲ್ಲ ಹೆಣ್ಣುಮಕ್ಕಳದೂ ಆಯಿತು. ಹುಟ್ಟಿದ ಮನೆಯಲ್ಲಿ ಅಂಶವುಂಟು, ಬೆವರು ಸುರಿಸಿದ ಮನೆಯಲ್ಲಿ ಇಲ್ಲ. ತವರಿನ ಅಂಶವನ್ನು ಅಣ್ಣಂದಿರಿಗೆ ಹಕ್ಕು ಖುಲಾಸೆ ಬರೆದುಕೊಟ್ಟು ಅರಿಶಿನ ಕುಂಕುಮ ಪಡೆದು ಬಂದವಳಿಗೆ ಎರಡೂ ಇಲ್ಲ.

ವಾಸದ ಹಕ್ಕು ಬೇರೆ, ಒಡೆತನ ಬೇರೆ. ಈ ಭೇದವನ್ನು ತಿಳಿಯದೆ ನೊಂದವರು ಬಹಳ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ, ಗಂಡನೊಡನೆ ಬಾಳಿದ ಮನೆಯಿಂದ ಹೆಂಡತಿಯನ್ನು ಹೊರದೂಡಬಾರದೆನ್ನುತ್ತದೆ. ಆ ಮನೆ ಗಂಡನದೇ ಆಗಿರಬೇಕೆಂದು 2006ರ ಕೊನೆಯಲ್ಲಿ ಒಂದು ತೀರ್ಪು ಅರ್ಥ ಹೇಳಿದ್ದರಿಂದ ಅತ್ತೆಮಾವಂದಿರ ಹೆಸರಿನ ಮನೆಗಳಲ್ಲಿದ್ದ ಸೊಸೆಯರು ಹದಿನಾಲ್ಕು ವರ್ಷ ಅತಂತ್ರರಾಗಿದ್ದರು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಅದನ್ನು ತಿದ್ದಿ, ಮಾವನ ಮನೆಯೂ ಸೇರಬಹುದೆಂದಿತು. ಆದರೂ ಇದು ಇರುವ ಹಕ್ಕು, ಮಾರುವ ಹಕ್ಕಲ್ಲ. ಬೆಂಗಳೂರಿನ ಒಂದು ಬಾಡಿಗೆ ಮನೆಯ ವ್ಯಾಜ್ಯದಲ್ಲಿ 2005ರಲ್ಲಿ ಬಂದ ತೀರ್ಪು ಇಲ್ಲಿ ಬಹಳ ಬೋಧಪ್ರದ. ಗಂಡ ತೊರೆದು ಹೋದ ಹೆಂಡತಿ, ಮನೆಯೊಡೆಯನು ತೆರವು ಮಾಡಿಸಲು ಹೂಡಿದ ದಾವೆಯನ್ನು ತಾನೇ ಎದುರಿಸಬಹುದೆಂದು ನ್ಯಾಯಾಲಯ ಒಪ್ಪಿತು. ಆದರೆ ವ್ಯಾಜ್ಯ ನಡೆಯುತ್ತಿರುವಾಗಲೇ ಆಕೆಗೆ ವಿಚ್ಛೇದನವಾಗಿತ್ತು. ವಿಚ್ಛೇದನದ ಷರತ್ತುಗಳಲ್ಲಿ ವಾಸದ ಹಕ್ಕು ಉಳಿದಿತ್ತೆಂದು ತೋರಿಸಲು ಆಧಾರವಿರಲಿಲ್ಲ. ತತ್ತ್ವದಲ್ಲಿ ಗೆದ್ದವಳಿಗೆ ಮನೆ ಉಳಿಯಲಿಲ್ಲ. ರಾಜಿಯ ಕಾಗದದಲ್ಲಿ ಒಂದು ಸಾಲು ಇಲ್ಲದಿದ್ದರೆ ಎಷ್ಟು ನಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೆರವರು ಏನು ಮಾಡಿದ್ದಾರೆ? ಕಾರವಾರದಿಂದ ಉತ್ತರಕ್ಕೆ ಗಡಿ ದಾಟಿದರೆ ಗೋವೆ. ಪೋರ್ಚುಗೀಸರು 1867ರ ತಮ್ಮ ಸಂಹಿತೆಯ ಮೂಲಕ ಬಿಟ್ಟುಹೋದ ಪದ್ಧತಿಯಂತೆ ಅಲ್ಲಿ, ಬೇರೆ ಕರಾರು ಮಾಡಿಕೊಳ್ಳದೆ ಮದುವೆಯಾದವರ ಆಸ್ತಿಯೆಲ್ಲ ಇಬ್ಬರಿಗೂ ಸಮ. ಹೆಂಡತಿಯ ರುಜುವಿಲ್ಲದೆ ಗಂಡ ಮನೆ ಮಾರಲಾರ. ಗಡಿಯ ಈಚೆ ಬದಿಯ ಹೆಣ್ಣಿಗೆ ಸೊನ್ನೆಯಿಂದ ಆರಂಭವಾಗುವ ಲೆಕ್ಕ ಆಚೆ ಬದಿಯವಳಿಗೆ ಅರ್ಧದಿಂದ ಆರಂಭವಾಗುತ್ತದೆ. ಇಂಗ್ಲೆಂಡಿನಲ್ಲಿ 1970ರ ಕಾಯಿದೆ ಮನೆವಾರ್ತೆಯ ದುಡಿಮೆಯನ್ನೂ ಕೊಡುಗೆಯೆಂದು ಎಣಿಸಿತು. 2000ದಲ್ಲಿ ಅಲ್ಲಿನ ಪ್ರಭುಸಭೆ, ಗಳಿಸಿದವನಿಗೂ ಗೃಹಿಣಿಗೂ ನಡುವೆ ಪಕ್ಷಪಾತ ಕೂಡದೆಂದು ಹೇಳಿ ಸಮತೆಯ ಅಳತೆಗೋಲನ್ನು ಮುಂದಿಟ್ಟಿತು. ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಕನ್ನಡ ಸಂಸಾರಗಳಿಗಂತೂ ಇದು ಪರಿಚಿತ ವಿಷಯ: ಮದುವೆಯ ನಂತರದ ಸಂಬಳದಿಂದ ಕೊಂಡ ಮನೆ ಯಾರ ಹೆಸರಿನಲ್ಲಿದ್ದರೂ ಇಬ್ಬರದು. ಆದರೆ ಅದೇ ದಂಪತಿಗಳು ಮೈಸೂರಿನಲ್ಲಿ ಕೊಂಡಿಟ್ಟ ನಿವೇಶನದ ಒಡೆತನವನ್ನು ಅಲ್ಲಿಯ ನ್ಯಾಯಾಲಯ ನೇರವಾಗಿ ಬದಲಿಸಲಾರದು. ಅದಕ್ಕೆ ಇಲ್ಲಿಗೇ ಬರಬೇಕು.

ನಮ್ಮಲ್ಲಿಯೂ ಪ್ರಯತ್ನವಾಗದೆ ಇಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ನ್ಯಾಯಾಲಯ ಪಾಲು ಗೊತ್ತುಮಾಡಬಹುದೆಂಬ ಮಸೂದೆಯನ್ನು 2013ರ ಆಗಸ್ಟಿನಲ್ಲಿ ರಾಜ್ಯಸಭೆ ಅಂಗೀಕರಿಸಿತ್ತು. ಲೋಕಸಭೆಯ ಅವಧಿ ಮುಗಿದು ಅದು ಬಿದ್ದುಹೋಯಿತು. ಶಾಸನಸಭೆ ಮಾಡದ ಕೆಲಸವನ್ನು ಒಂದಿಷ್ಟು ಮಟ್ಟಿಗೆ ಮಾಡಲು ಹೊರಟದ್ದು ಮದರಾಸು ಹೈಕೋರ್ಟು. ಗಂಡ ಪರದೇಶದಲ್ಲಿ ದುಡಿದು ಹಣ ಕಳುಹಿಸಿದ, ಹೆಂಡತಿ ಊರಿನಲ್ಲಿ ಮನೆಮಕ್ಕಳನ್ನು ನೋಡಿಕೊಂಡಳು. ಆಸ್ತಿಯೆಲ್ಲ ತನ್ನದೆಂದು ಗಂಡ ದಾವೆ ಹೂಡಿದ. 2023ರ ಜೂನಿನಲ್ಲಿ ಆ ನ್ಯಾಯಾಲಯ, ಹೆಂಡತಿ ಮನೆಯನ್ನು ಹೊತ್ತದ್ದರಿಂದಲೇ ಗಂಡ ಗಳಿಸಲು ಸಾಧ್ಯವಾಯಿತು, ಆದುದರಿಂದ ಅಂತಹ ಆಸ್ತಿಯಲ್ಲಿ ಆಕೆಗೂ ಸಮಭಾಗವೆಂದಿತು. ಇದು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪಲ್ಲ. ಆದರೆ ವಕೀಲರು ಓದಿ ಹೇಳಬಹುದಾದ ತೀರ್ಪು.

ಹಾಗಾದರೆ ತೊಣ್ಣೂರಿನ ಹೆಣ್ಣುಮಗಳು ಏನು ಮಾಡಬೇಕು? ಮೊದಲನೆಯದು ಕಾಗದ. ಒಡವೆ ಮಾರಿದ ಅಂಗಡಿಯ ಚೀಟಿ, ತಂದೆಯ ಗದ್ದೆಯ ಕ್ರಯಪತ್ರದ ನಕಲು, ಆ ಹಣ ಬಂದು ಹೋದ ಪಾಸ್‌ಪುಸ್ತಕದ ಪುಟ. ಇವಿಷ್ಟೂ ಕೈಯಲ್ಲಿದ್ದರೆ ಸೊನ್ನೆಯ ಉತ್ತರ ನಿಲ್ಲುವುದು ಕಷ್ಟ. ಜೀವನಾಂಶದ ಮೊಕದ್ದಮೆಗಳಲ್ಲಿ ಗಂಡಹೆಂಡಿರಿಬ್ಬರೂ ತಮ್ಮ ಆಸ್ತಿ, ಸಾಲ, ಆದಾಯಗಳ ಪ್ರಮಾಣಪತ್ರ ಸಲ್ಲಿಸಲೇಬೇಕೆಂದು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಧಿಸಿರುವುದರಿಂದ, ಗಂಡನ ಹೆಸರಿನಲ್ಲಿ ಏನೇನಿದೆಯೆಂದು ನೆರೆಹೊರೆಯವರನ್ನು ವಿಚಾರಿಸುವ ಗೋಳು ಕಡಿಮೆಯಾಗಿದೆ. ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ; ಹೆಂಗಸರಿಗೆ, ಆದಾಯವೆಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರನ್ನು ಪುಕ್ಕಟೆಯಾಗಿ ಪಡೆಯುವ ಹಕ್ಕು 1987ರ ಕಾಯಿದೆಯಿಂದ ಬಂದಿದೆ.

ಮನೆ ಇಬ್ಬರ ಹೆಸರಿನಲ್ಲಿದ್ದರೆ ದಾರಿ ಸುಗಮ. ಒಬ್ಬರು ಮತ್ತೊಬ್ಬರ ಭಾಗವನ್ನು ಕೊಳ್ಳಬಹುದು. ಒಪ್ಪದಿದ್ದರೆ 1893ರ ವಿಭಾಗ ಕಾಯಿದೆಯಂತೆ, ಸೀಳಲಾಗದ ಮನೆಯನ್ನು ನ್ಯಾಯಾಲಯವೇ ಮಾರಿಸಿ ಹಣ ಹಂಚಬಹುದು. ಅಡಿಗೆಮನೆ ನಿನಗೆ, ಹಜಾರ ನನಗೆ ಎಂದು ಗೋಡೆ ಎತ್ತಬೇಕಾಗಿಲ್ಲ. ಗಂಡ ಮನೆಯನ್ನು ಇಟ್ಟುಕೊಂಡು 27½ ಲಕ್ಷ ಕೊಡಲು ಒಪ್ಪಿದನೆನ್ನಿ. 20 ಲಕ್ಷದ ಹಳೆಯ ಸಾಲವೂ ಅವನ ತಲೆಯ ಮೇಲೆಯೇ. ಅವನ ಸಂಬಳ ಇಷ್ಟು ಹೊರಬಲ್ಲುದೇ ಎಂದು ಮೊದಲೇ ಬ್ಯಾಂಕನ್ನು ಕೇಳದಿದ್ದರೆ ರಾಜಿ ಕಾಗದದಲ್ಲಿಯೇ ಉಳಿಯುತ್ತದೆ. ಹೆಂಡತಿಯೂ ಸಾಲಪತ್ರಕ್ಕೆ ರುಜು ಹಾಕಿದ್ದಲ್ಲಿ ಇನ್ನೊಂದು ಅಪಾಯವುಂಟು. "ಇನ್ನು ಕಂತು ಗಂಡನದು" ಎಂದು ನ್ಯಾಯಾಲಯದಲ್ಲಿ ಬರೆದುಕೊಂಡ ಮಾತ್ರಕ್ಕೆ ಬ್ಯಾಂಕು ಆಕೆಯನ್ನು ಬಿಡುವುದಿಲ್ಲ. ಬ್ಯಾಂಕು ಆ ರಾಜಿಯ ಪಕ್ಷಗಾರನಲ್ಲ. ಗಂಡ ಕಂತು ತಪ್ಪಿಸಿದರೆ ನೋಟೀಸು ತೊಣ್ಣೂರಿನ ವಿಳಾಸಕ್ಕೂ ಬರುತ್ತದೆ. ಸಾಲವನ್ನು ಗಂಡನೊಬ್ಬನ ಹೆಸರಿಗೆ ಹೊಸದಾಗಿ ಬರೆಸಿ, ಆಕೆಯ ಬಿಡುಗಡೆಯ ಪತ್ರವನ್ನು ಬ್ಯಾಂಕಿನಿಂದಲೇ ಪಡೆಯಬೇಕು.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಅರ್ಜಿ ಹಾಕಿದ ದಿನಕ್ಕೂ ಡಿಕ್ರಿಯ ದಿನಕ್ಕೂ ಸಾಮಾನ್ಯವಾಗಿ ಆರು ತಿಂಗಳ ಅಂತರ. ಈ ಅಂತರದಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದೆಗೆದುಕೊಳ್ಳಬಹುದು. ಆದುದರಿಂದ ಮೊದಲ ದಿನವೇ ಹಕ್ಕು ಖುಲಾಸೆಗೆ ರುಜು ಹಾಕಿ, ಹಣವನ್ನು ಕೊನೆಯ ದಿನಕ್ಕೆ ಕಾಯುವುದು ಅವಿವೇಕ. ಅರ್ಧ ಹಣ ಮೊದಲ ದಿನ, ಉಳಿದರ್ಧ ಡಿಕ್ರಿಯ ದಿನ ನ್ಯಾಯಾಧೀಶರ ಮುಂದೆ ಬ್ಯಾಂಕಿನ ಡ್ರಾಫ್ಟಿನಲ್ಲಿ, ಅದೇ ಗಳಿಗೆಯಲ್ಲಿ ಖುಲಾಸೆಗೆ ರುಜು ಎಂದು ಬರೆಸುವುದು ಅನುಭವಸ್ಥ ವಕೀಲರ ಕ್ರಮ. ಮನೆಯ ಸರ್ವೆ ನಂಬರು, ಅಳತೆ, ಚೆಕ್ಕುಬಂದಿ ಇವನ್ನು ಅರ್ಜಿಯ ಷೆಡ್ಯೂಲಿನಲ್ಲಿಯೇ ಕಾಣಿಸಬೇಕು. ದಾವೆಯ ವಸ್ತುವಾಗಿರದ ಆಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ಆ ಡಿಕ್ರಿಯನ್ನು ಬೇರೆಯಾಗಿ ರಿಜಿಸ್ಟರು ಮಾಡಿಸಬೇಕೆಂದು ನೋಂದಣಿ ಕಾಯಿದೆಯ 17ನೆಯ ವಿಧಿ ಹೇಳುತ್ತದೆ. ಇದನ್ನು ಮರೆತವರು ವರ್ಷಗಳ ಮೇಲೆ ಮನೆ ಮಾರಹೊರಟಾಗ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ತಡೆಯುತ್ತಾರೆ. ಗಂಡಹೆಂಡಿರ ನಡುವಣ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿಯುಂಟು. ಡಿಕ್ರಿಯಾದ ಮರುದಿನ ಅವರು ಗಂಡಹೆಂಡಿರಲ್ಲ.